ಮಂಜು ಕಮ್ಮಿ ಕೆಬಿಯಲ್ಲಿ ಮುಗಿಯುತ್ತದೆ, ಕಾಡು ಮುಗಿಯುವುದಿಲ್ಲ

ಕೊಡಗಿನ ವಿರಾಜಪೇಟೆಯಲ್ಲಿ ಕೂತು ಹೋಂಸ್ಟೇಗಳಿಗೆ, ಕಾಫಿ ತೋಟದವರಿಗೆ, ಜೇನು-ಕರಿಮೆಣಸು ಮಾರುವವರಿಗೆ ವೆಬ್‌ಸೈಟು, ಲೋಗೊ, ಲೇಬಲ್ಲು ಮಾಡಿಕೊಡುವುದು ನನ್ನ ಕಸುಬು. ಬಂದವರಲ್ಲಿ ಹೆಚ್ಚಿನವರ ಆಸೆ ಒಂದೇ: ಸೈಟ್ ತೆರೆದ ಕೂಡಲೇ ದೊಡ್ಡ ವಿಡಿಯೊ ಓಡಬೇಕು, ಫೋಟೊಗಳು ಒಂದರ ಹಿಂದೆ ಒಂದು ಜಾರುತ್ತಿರಬೇಕು. ನಾನು ತಿರುಗಿ ಕೇಳುವುದೂ ಒಂದೇ: "ಅಣ್ಣ, ನಿಮ್ಮ ಗೇಟಿನ ಹತ್ರ ಮೊಬೈಲಿಗೆ ಎಷ್ಟು ಕಡ್ಡಿ ಬರ್ತದೆ?"

ಇದು ಕೀಟಲೆಯ ಪ್ರಶ್ನೆಯಲ್ಲ. ಅತಿಥಿ ನಿಮ್ಮ ಸೈಟನ್ನು ಮೊದಲ ಸಲ ನೋಡುವುದು ಬೆಂಗಳೂರಿನ ಮನೆಯಲ್ಲಿ, ವೈಫೈ ಇರುವಾಗ. ಆಗ ಏನು ಹಾಕಿದ್ದರೂ ತೆರೆದುಕೊಳ್ಳುತ್ತದೆ. ಎರಡನೇ ಸಲ ನೋಡುವುದು ಕಕ್ಕಬ್ಬೆ ದಾರಿಯಲ್ಲಿ, ಕತ್ತಲಾಗುತ್ತಾ ಬಂದಾಗ, ಮಳೆಯಲ್ಲಿ, ಯಾವ ಕವಲಿನಲ್ಲಿ ತಿರುಗಬೇಕು ಅಂತ ತಿಳಿಯದೆ. ಗುಡ್ಡ ಅಡ್ಡ ಬಂದು ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುತ್ತದೆ. ಆಗ ಅವರಿಗೆ ಬೇಕಾದ್ದು ಫೋನ್ ನಂಬರ್ ಮತ್ತು ದಾರಿ, ಅಷ್ಟೆ. ನಾನು ವಿನ್ಯಾಸ ಮಾಡುವುದು ಈ ಎರಡನೇ ನೋಟಕ್ಕೆ.

ಹಾಗಾಗಿ ಮೊದಲ ಪುಟಕ್ಕೆ ನಾನೇ ಹಾಕಿಕೊಂಡ ಮಿತಿ 500 ಕೆಬಿ. ಫೋಟೊ, ಫಾಂಟ್ ಎಲ್ಲ ಸೇರಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಅನ್ನುವುದು ಗೂಗಲ್‌ನ ಅಳತೆಗೋಲು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡಿ ನೋಡಬಹುದು. ಕೆಲಸ ಮಾಡುವಾಗ ಅದನ್ನು ಥ್ರೀಜಿಗೆ ಇಟ್ಟುಕೊಂಡೇ ಕೂರುತ್ತೇನೆ. ಕಾದು ಕಾದು ನಮಗೇ ಬೇಜಾರು ಬಂದಾಗ ಏನನ್ನು ಕಿತ್ತುಹಾಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಮೊದಲು ಹೋಗುವುದು ಆ ಜಾರುವ ಫೋಟೊಗಳ ಸಾಲು. ಇಳಿಯುವುದು ಐದು ಫೋಟೊ, ಜನ ನೋಡುವುದು ಒಂದನ್ನು.

ಆಮೇಲೆ ಹೋಗುವುದು ಪುಟದೊಳಗೆ ಕೂರಿಸಿದ ಮ್ಯಾಪು. ಅದರ ಬದಲು ಓಪನ್‌ಸ್ಟ್ರೀಟ್‌ಮ್ಯಾಪನ್ನು ಆಧಾರವಾಗಿಟ್ಟುಕೊಂಡು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ದಾರಿಯ ಚಿತ್ರವನ್ನು ನಾನೇ ಬಿಡಿಸುತ್ತೇನೆ. ಗೆರೆಗಳಾಗಿ ಉಳಿಯುವ ಎಸ್‌ವಿಜಿ ರೂಪದಲ್ಲಿಟ್ಟರೆ ಕೆಲವೇ ಕೆಬಿ, ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಅದರಲ್ಲಿ ಹಾಕುವುದು ಊರಿನವರು ದಾರಿ ಹೇಳುವಾಗ ಹೇಳುವ ಗುರುತುಗಳನ್ನೇ: ಸೇತುವೆ, ಬಸ್ ನಿಲ್ಲುವ ಜಾಗ, ಸೊಸೈಟಿ ಕಟ್ಟಡ, ಅದಾದ ಮೇಲೆ ಎಡಕ್ಕೆ ಸಿಗುವ ಮಣ್ಣು ರಸ್ತೆ. ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಹಾಕುವುದು ಲೈಸೆನ್ಸಿನ ಶರತ್ತು, ಮರೆಯಬಾರದು. ಚಿತ್ರವನ್ನು ಒತ್ತಿದರೆ ಫೋನಿನ ಮ್ಯಾಪ್ ಆಪ್ ತೆರೆಯುತ್ತದೆ, ನಂಬರ್ ಒತ್ತಿದರೆ ಕರೆ ಹೋಗುತ್ತದೆ. ಈ ನಂಬರನ್ನು ಚಿತ್ರದೊಳಗೆ ಬರೆದಿಟ್ಟ ಸೈಟುಗಳು ಈಗಲೂ ಕಾಣುತ್ತವೆ. ಮಳೆಯಲ್ಲಿ ಕಾರೊಳಗೆ ಕೂತವರು ಅದನ್ನು ಬಾಯಿಪಾಠ ಮಾಡಿ ಡಯಲ್ ಮಾಡಬೇಕು.

ಇನ್ನು ಫೋಟೊ. ಮೊಬೈಲಿನಿಂದ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ ಅಂದರೆ 4000 ಪಿಕ್ಸೆಲ್ ಅಗಲ, ನಾಲ್ಕೈದು ಎಂಬಿ ತೂಕ. ಅದನ್ನು 480, 800, 1600 ಅಗಲಕ್ಕೆ ಇಳಿಸಿ ಮೂರನ್ನೂ ಇಡುತ್ತೇನೆ. ಯಾವ ಪರದೆಗೆ ಯಾವುದು ಬೇಕೋ ಅದನ್ನು ಬ್ರೌಸರ್ ಆರಿಸಿಕೊಳ್ಳುತ್ತದೆ. ಇಳಿಸಲು ಸ್ಕ್ವೂಶ್ ಅನ್ನುವ ವೆಬ್ ಸಾಧನ ಸಾಕು. ಅದು ಬ್ರೌಸರಿನಲ್ಲೇ ನಡೆಯುತ್ತದೆ, ಚಿತ್ರ ನಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಎಡಗಡೆ ಮೂಲ, ಬಲಗಡೆ ಕುಗ್ಗಿಸಿದ್ದು, ನಡುವೆ ಸರಿಸಿ ನೋಡುವ ಗೆರೆ. ವೆಬ್‌ಪಿ ರೂಪಕ್ಕೆ ಬದಲಿಸಿದರೆ ಜೆಪೆಗ್‌ಗಿಂತ ಸುಮಾರು ಕಾಲುಭಾಗ ಉಳಿತಾಯ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಕೊಡಗಿನಲ್ಲಿ ಕೆಲಸ ಮಾಡಿ ಕಲಿತದ್ದು ಬೇರೆ. ಮಂಜು ಸುಲಭವಾಗಿ ಕುಗ್ಗುತ್ತದೆ, ಕಾಡು ಕುಗ್ಗುವುದಿಲ್ಲ. ಮಾಂದಲಪಟ್ಟಿಯ ಬೆಳಗಿನ ಚಿತ್ರದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚು ಕಡಿಮೆ ಒಂದೇ ಬಣ್ಣ, ಉಳಿಸಿಡಲು ವಿವರವೇ ಇಲ್ಲ. ಸಿಲ್ವರ್ ಓಕ್ ಕೆಳಗಿನ ಕಾಫಿ ಸಾಲಿನಲ್ಲಿ ಒಂದೊಂದು ಎಲೆಯ ಅಂಚೂ ಒಂದೊಂದು ವಿವರ. ಅದೇ ಅಳತೆ, ಅದೇ ಗುಣಮಟ್ಟ ಇಟ್ಟರೂ ತೋಟದ ಚಿತ್ರದ ತೂಕ ಮಂಜಿನ ಚಿತ್ರದ ಎಷ್ಟೋ ಪಟ್ಟು. ಆದ್ದರಿಂದ ಪುಟದ ತಲೆಯಲ್ಲಿ ಮಂಜೋ ಮನೆಯ ಜಗಲಿಯೋ ಬಿಳಿ ಗೋಡೆಯೋ ಬರಲಿ, ತೋಟ ಕೆಳಗೆ ಚಿಕ್ಕದಾಗಿ ಬರಲಿ ಅನ್ನುವುದು ನನ್ನ ಪದ್ಧತಿ. ಮಂಜಿಗೂ ಒಂದು ತೊಂದರೆ ಇದೆ. ತೀರಾ ಕುಗ್ಗಿಸಿದರೆ ಬೂದು ಬಣ್ಣ ಮೆಲ್ಲಗೆ ತಿಳಿಯಾಗುವ ಬದಲು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಫೋಟೊ ತಿದ್ದುವ ಗಿಂಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ನಾಯ್ಸ್, ಅಂದರೆ ಸಣ್ಣ ಚುಕ್ಕಿಗಳನ್ನು, ಉದುರಿಸಿದರೆ ಪಟ್ಟೆ ಅಡಗುತ್ತದೆ. ತೂಕ ಸ್ವಲ್ಪ ಏರುತ್ತದೆ, ಏರಲಿ.

ಹಣ್ಣು ಕಾಫಿಯದ್ದು ಇನ್ನೊಂದು ಕಥೆ. ಕಡುಹಸಿರು ಎಲೆಯ ಮೇಲೆ ಕೆಂಪು ಹಣ್ಣು, ಎಲ್ಲ ತೋಟದವರೂ ಕೊಡುವ ಫೋಟೊ. ಕುಗ್ಗಿಸಿದ ಮೇಲೆ ಹಣ್ಣಿನ ಅಂಚು ಕದಡಿಹೋಗುತ್ತದೆ. ಕಾರಣ, ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಬಣ್ಣದ ವ್ಯತ್ಯಾಸ ಕಾಣುವುದಿಲ್ಲ ಅಂತ ಈ ಫಾರ್ಮ್ಯಾಟುಗಳು ಬಣ್ಣದ ಮಾಹಿತಿಯನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸಿಬಿಡುತ್ತವೆ. ಮಾಮೂಲಿ ವೆಬ್‌ಪಿಯಲ್ಲಿ ಇದನ್ನು ತಪ್ಪಿಸುವ ದಾರಿಯಿಲ್ಲ. ಜೆಪೆಗ್‌ನಲ್ಲಿ, ಎವಿಐಎಫ್ ಅನ್ನುವ ಹೊಸ ಫಾರ್ಮ್ಯಾಟಿನಲ್ಲಿ 4:4:4 ಅಂತ ಆರಿಸಿದರೆ ಬಣ್ಣ ಪೂರ್ತಿ ಉಳಿಯುತ್ತದೆ. ಹಣ್ಣಿನ ಕ್ಲೋಸಪ್ಪಿಗೆ ಮಾತ್ರ ನಾನು ಹಾಗೆ ಮಾಡುತ್ತೇನೆ.

ಕಾಫಿ ಹೂವಿನ ಫೋಟೊ ಬೇಕೆಂದರೆ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ, ಹೂಮಳೆ ಬಿದ್ದ ದಿನವನ್ನು ಕೇಳಿಕೊಳ್ಳಬೇಕು. ಮಳೆಯಾಗಿ ಎಂಟು-ಹತ್ತು ದಿನಕ್ಕೆ ಅರಳುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಬಿಳಿ ಎಲ್ಲ ಸುಟ್ಟು ಖಾಲಿ ಕಾಗದದಂತೆ ಬರುತ್ತದೆ. ಬೆಳಿಗ್ಗೆ ಬೇಗ, ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ ತೆಗೆಯಬೇಕು.

ಫೋಟೊ ತಿದ್ದುವ ಡಾರ್ಕ್‌ಟೇಬಲ್‌ನಲ್ಲಿ ಮಂಜು ತೆಗೆಯುವ ಸೌಲಭ್ಯವೇ ಇದೆ. ಉಪಯೋಗಿಸುವುದಿಲ್ಲ. ಜುಲೈಯಲ್ಲಿ ಬರುವವರಿಗೆ ಬೇಕಾದದ್ದೇ ಮಂಜು. ಅದಕ್ಕಿಂತ ಮುಖ್ಯ, ಪ್ರತಿ ಫೋಟೊದ ಕೆಳಗೆ ತಿಂಗಳು ಬರೆಯುತ್ತೇನೆ. ಅಬ್ಬಿ ಜಲಪಾತದ ಆಗಸ್ಟಿನ ಚಿತ್ರ ನೋಡಿ ಏಪ್ರಿಲ್‌ನಲ್ಲಿ ಬಂದವರು ಹೋಂಸ್ಟೇಯವರ ಮೇಲೆ ಸಿಟ್ಟಾಗುತ್ತಾರೆ, ಜಲಪಾತದ ಮೇಲಲ್ಲ. ಇನ್ನೊಂದು, ಮೊಬೈಲ್ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಅಡಗಿರಬಹುದು. ಕಣದಲ್ಲಿ ಒಣಗಲು ಹರಡಿದ ಮೆಣಸಿನ ಚಿತ್ರದ ಜೊತೆ ಆ ವಿಳಾಸವನ್ನೂ ಊರಿಗೆಲ್ಲ ಹಂಚುವುದು ಯಾಕೆ? ಎಕ್ಸಿಫ್‌ಟೂಲ್‌ನಲ್ಲಿ ಅಳಿಸಿಯೇ ಹಾಕುತ್ತೇನೆ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಬರಹ ಕೈಗೆ ಬರುವುದು ಹೆಚ್ಚಾಗಿ ಡಿಟಿಪಿ ಅಂಗಡಿಯಿಂದ, ಹಳೆಯ ನುಡಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ಅಂಟಿಸಿದರೆ ಕಾಣುವುದು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ, ಆದರೆ ಬದಲಾದ ಮೇಲೆ ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಲೇಬೇಕು. ಕೆಲವರು ಈ ಕಷ್ಟವೇ ಬೇಡವೆಂದು ಕನ್ನಡ ಬರಹವನ್ನು ಚಿತ್ರ ಮಾಡಿ ಅಂಟಿಸುತ್ತಾರೆ. ಹಾಗೆ ಮಾಡಿದರೆ ಹುಡುಕಿದವರಿಗೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ, ಫೋನಿನಲ್ಲಿ ಇರುವೆ ಸಾಲು. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಹೇಳಿದರೇ ಸ್ಕ್ರೀನ್ ರೀಡರ್ ಕನ್ನಡದ ದನಿ ಹಿಡಿಯುವುದು. ಕೊಡವ ತಕ್ಕ್‌ನಲ್ಲಿ ಸ್ವಾಗತದ ಸಾಲು ಇದ್ದರೆ ಅದಕ್ಕೆ ಬೇರೆ ಗುರುತು ಕೊಡುತ್ತೇನೆ. ಲಿಪಿ ಒಂದೇ ಆದರೂ ಭಾಷೆ ಬೇರೆ, ಅದಕ್ಕೆ ತನ್ನದೇ ಅಂತರರಾಷ್ಟ್ರೀಯ ಭಾಷಾ ಸಂಕೇತವಿದೆ.

ಫಾಂಟ್ ಒಂದು ಸಾಕು, ಸಾದಾ ಮತ್ತು ದಪ್ಪ ಎರಡು ರೂಪದಲ್ಲಿ. ಓದುವ ಬರಹಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ, ಲೇಬಲ್ಲಿನ ದಪ್ಪ ಹೆಸರಿಗೆ ಬಲೂ ತಮ್ಮ. ಎಲ್ಲವೂ ಮುಕ್ತ ಲೈಸೆನ್ಸಿನವು. ತೂಕ ಇಳಿಸಲು ಫಾಂಟಿನಿಂದ ಬೇಡದ ಅಕ್ಷರ ಕತ್ತರಿಸುವವರು ಎಚ್ಚರವಾಗಿರಬೇಕು: ಒತ್ತಕ್ಷರ ಕೂಡುವ ನಿಯಮಗಳು ಫಾಂಟಿನೊಳಗೇ ಇರುತ್ತವೆ, ಅವು ಹೋದರೆ ಒತ್ತುಗಳು ಬಿಚ್ಚಿಕೊಂಡು ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳಲ್ಲಿ ಸಾಲಿನ ಅಂತರ ಅಕ್ಷರದ 1.2 ಪಟ್ಟು ಇರುವುದುಂಟು. ಕನ್ನಡಕ್ಕೆ ನಾನು 1.7 ಇಡುತ್ತೇನೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್‌ಗಳಲ್ಲಿ ಒತ್ತಿನ ಬಾಲ ಕತ್ತರಿಸಿಹೋಗುವುದೂ ಇದರಿಂದಲೇ. ಪರೀಕ್ಷೆಗೆ ನಾನು ಬರೆದುಕೊಳ್ಳುವ ಸಾಲು: ಕಕ್ಕಬ್ಬೆ, ಇರ್ಪು, ಪುಷ್ಪಗಿರಿ, ಬ್ರಹ್ಮಗಿರಿ. ಈ ನಾಲ್ಕು ಸರಿ ಬಂದರೆ ಉಳಿದವೂ ಸಾಮಾನ್ಯವಾಗಿ ಬರುತ್ತವೆ. ಓರೆ ಅಕ್ಷರ ನಮ್ಮ ಮುದ್ರಣ ಸಂಪ್ರದಾಯದಲ್ಲಿಲ್ಲ, ಬ್ರೌಸರ್ ಸುಮ್ಮನೆ ತಳ್ಳಿ ಬಗ್ಗಿಸುತ್ತದೆ. ಒತ್ತಿ ಹೇಳಬೇಕಾದ ಕಡೆ ದಪ್ಪ ಮಾಡಿದರೆ ಆಯಿತು.

ಫೋಟೊ ಮೇಲೆ ಅಕ್ಷರ ಬರೆಯುವಾಗ ಮಂಜು ನಮ್ಮ ಶತ್ರು. ಬೂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಡಿಸೈನರಿನ ದೊಡ್ಡ ಪರದೆಯಲ್ಲಿ ಚೆಂದ, ಬಿಸಿಲಿನಲ್ಲಿ ಹಿಡಿದ ಫೋನಿನಲ್ಲಿ ಮಾಯ. ವೆಬ್ ಸುಗಮತೆಯ ಮಾನದಂಡ ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡ ಅಕ್ಷರಕ್ಕೆ 3:1 ಕಾಂಟ್ರಾಸ್ಟ್ ಕೇಳುತ್ತದೆ. ಅಳೆದು ನೋಡಿದರೆ ಮಂಜಿನ ಮೇಲೆ ಕಡು ಬಣ್ಣದ ಅಕ್ಷರವೇ ಗೆಲ್ಲುತ್ತದೆ. ಕೋಣೆ ಖಾಲಿ ಇದ್ದರೆ ಹಸಿರು, ಭರ್ತಿಯಾಗಿದ್ದರೆ ಕೆಂಪು ಅಂತ ಕ್ಯಾಲೆಂಡರ್ ಮಾಡಿ ಅನ್ನುವವರಿದ್ದಾರೆ. ಕೆಂಪು-ಹಸಿರಿನ ಭೇದ ಕಾಣದವರು ಗಂಡಸರಲ್ಲಿ ಸಾಕಷ್ಟಿದ್ದಾರೆ. ಬಣ್ಣದ ಜೊತೆ "ಖಾಲಿ", "ಭರ್ತಿ" ಅಂತ ಬರೆದುಬಿಟ್ಟರೆ ಜಗಳವಿಲ್ಲ.

ವಿಡಿಯೊ ಪೂರ್ತಿ ಬೇಡ ಅಂದರೆ ಗಿರಾಕಿ ಮುಖ ಸಪ್ಪೆಯಾಗುತ್ತದೆ, ಆದ್ದರಿಂದ ರಾಜಿ: ಒಂದು ನಿಶ್ಚಲ ಚಿತ್ರ, ಅದರ ಮೇಲೆ ಒತ್ತಿದರೆ ಮಾತ್ರ ವಿಡಿಯೊ ಇಳಿಯಬೇಕು. ಕೆಡೆನ್‌ಲೈವ್‌ನಲ್ಲಿ ಕತ್ತರಿಸಿ ಹ್ಯಾಂಡ್‌ಬ್ರೇಕ್‌ನಲ್ಲಿ 720 ಸಾಲಿಗೆ ಇಳಿಸಿ ಎಚ್.264 ಅನ್ನುವ ವಿಡಿಯೊ ರೂಪದಲ್ಲಿ ಕೊಡುತ್ತೇನೆ. ತಾನಾಗಿ ಓಡುವ, ಸದ್ದು ಮಾಡುವ ವಿಡಿಯೊವನ್ನು ಕ್ರೋಮ್ 2018ರಿಂದಲೇ ತಡೆಯುತ್ತಿದೆ, ಹಾಗಾಗಿ ಆ ಆಸೆಯನ್ನು ನಾನೇ ಮುರಿಯಬೇಕಾಗಿಲ್ಲ. ಡ್ರೋನ್ ವಿಷಯದಲ್ಲಿ ಒಂದೇ ಮಾತು: ಅಭಯಾರಣ್ಯದ ಅಂಚಿನ ತೋಟವಾದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸದೆ ಹಾರಿಸುವುದಿಲ್ಲ.

ವಿಡಿಯೊಗಿಂತ ನನಗೆ ಇಷ್ಟ ದನಿ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ, ಬಗ್ಗೆ ಮನೆಯ ಹಿರಿಯರೊಬ್ಬರು ಒಂದು ನಿಮಿಷ ಮಾತಾಡಿದ್ದು, 64 ಕೆಬಿಪಿಎಸ್ ಮೋನೊ ಎಂಪಿ3ಯಲ್ಲಿ 480 ಕೆಬಿ. ತೊಂದರೆ ಕೊಡುವುದು ಜೀರುಂಡೆ ಮತ್ತು ಮಳೆ. ದನಿ ತಿದ್ದುವ ಅಡಾಸಿಟಿಯಲ್ಲಿ ಬರಿಯ ಗದ್ದಲ ಇರುವ ಕೆಲವು ಸೆಕೆಂಡನ್ನು ಮಾದರಿಯಾಗಿ ಕೊಟ್ಟರೆ ಅಂಥದ್ದನ್ನೇ ಉಳಿದ ಕಡೆಯಿಂದ ಇಳಿಸುತ್ತದೆ. ಫ್ರಿಜ್ಜಿನಂತೆ ಒಂದೇ ಸಮ ಇರುವ ಸದ್ದಿಗೆ ಇದು ನಡೆಯುತ್ತದೆ, ಶೀಟಿನ ಮೇಲಿನ ಮಳೆಗೆ ನಡೆಯುವುದಿಲ್ಲ. ಜೀರುಂಡೆಯನ್ನು ತೀರಾ ಅಳಿಸಲು ಹೋದರೆ ಮಾತಿನ ಸ, ಶಗಳೂ ಹೋಗುತ್ತವೆ, 6 ಡೆಸಿಬೆಲ್ ಇಳಿಸಿ ಸುಮ್ಮನಾಗುವುದು ಮೇಲು. ಒಳಕೋಣೆಯಲ್ಲಿ ಹಾಸಿಗೆ, ರಗ್ಗುಗಳ ನಡುವೆ ಕೂರಿಸಿ ರೆಕಾರ್ಡ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಮಾತನ್ನು ಕೆಳಗೆ ಬರಹದಲ್ಲೂ ಹಾಕುತ್ತೇನೆ. ಕಿವಿ ಕೇಳದವರಿಗೂ ಆಯಿತು, ದನಿ ಇಳಿಯದ ಜಾಗದಲ್ಲಿರುವವರಿಗೂ ಆಯಿತು.

ಲೋಗೊಗೆ ಬರುವ ಬೇಡಿಕೆ ಆನೆ, ಹುಲಿ, ಪೀಚೆಕತ್ತಿ. ಮದುವೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಕತ್ತಿಯನ್ನು ರೂಮ್ ಬಾಡಿಗೆಯ ಬೋರ್ಡಿಗೆ ಹಾಕುವುದು ನನಗೆ ಒಗ್ಗುವುದಿಲ್ಲ, ನೇರವಾಗಿ ಹೇಳುತ್ತೇನೆ. ಮನೆಯ ಕಿಟಕಿಯ ಸರಳಿನ ವಿನ್ಯಾಸ, ಜಗಲಿಯ ಕಂಬ, ಇಂಥವು ಆ ಮನೆಗೆ ಮಾತ್ರ ಸೇರಿದವು. ಕಾಫಿ ಪ್ಯಾಕೆಟ್ಟಿಗೆ ಜಿಐ ಮುದ್ರೆ ಕೇಳುವವರೂ ಇದ್ದಾರೆ. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ನಿಜ, ಆದರೆ ಮುದ್ರೆ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ. ಆ ಕಾಗದ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸ್ ಸಂಖ್ಯೆ ಬರುವವರೆಗೆ ಲೇಬಲ್ ಪ್ರೆಸ್ಸಿಗೆ ಹೋಗುವುದಿಲ್ಲ. ಹೋಗುವಾಗ ಕನ್ನಡ ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಬರಿಯ ಆಕಾರವಾಗಿಸಿ, ಕತ್ತರಿಸುವಾಗ ಹೋಗಲೆಂದು ಸುತ್ತ 3 ಮಿಲಿಮೀಟರ್ ಹೆಚ್ಚು ಬಿಟ್ಟು ಕಳಿಸುತ್ತೇನೆ. ಪರದೆಯ ಎಳೆ ಹಸಿರು ಶಾಯಿಯಲ್ಲಿ ಮಂಕಾಗುತ್ತದೆ ಅನ್ನುವುದನ್ನು ಮೊದಲೇ ಒಂದು ಪ್ರೂಫ್ ತೆಗೆದು ತೋರಿಸಿಬಿಡುವುದು ಒಳ್ಳೆಯದು.

ಸೈಟುಗಳನ್ನು ಹ್ಯೂಗೊ ಅನ್ನುವ ಸೈಟ್ ಕಟ್ಟುವ ಸಾಧನದಲ್ಲಿ ಕಟ್ಟುತ್ತೇನೆ. ಬರಿಯ ಎಚ್‌ಟಿಎಂಎಲ್ ಫೈಲುಗಳು, ಡೇಟಾಬೇಸ್ ಇಲ್ಲ, ವಾರ ವಾರ ಅಪ್‌ಡೇಟ್ ಮಾಡುವ ಪ್ಲಗಿನ್ ಇಲ್ಲ. ಡೊಮೇನನ್ನು ಮನೆಯವರ ಹೆಸರಿನಲ್ಲಿ, ಅವರದೇ ಇಮೇಲಿನಲ್ಲಿ ತೆಗೆಸುತ್ತೇನೆ. ದರಪಟ್ಟಿಗೆ ಒಂದು ಫೈಲು, ಪುಟದ ತಲೆಯ ಮೇಲೆ ಬರುವ ಒಂದೇ ಒಂದು ಸಾಲಿಗೆ ಇನ್ನೊಂದು ಫೈಲು. ಮಳೆಗಾಲದಲ್ಲಿ ಆ ಸಾಲಿಗೇ ಎಲ್ಲಕ್ಕಿಂತ ಹೆಚ್ಚು ಕೆಲಸ: ಮರ ಬಿದ್ದಿದೆ, ಮೇಲಿನ ರಸ್ತೆ ಬಂದ್, ನಾಪೋಕ್ಲು ಕಡೆಯಿಂದ ಬನ್ನಿ. ಅದನ್ನು ಬದಲಿಸಲು ನನಗೆ ಫೋನ್ ಮಾಡಬೇಕಾಗಿಲ್ಲ, ಮನೆಯವರು ಮೊಬೈಲಿನಲ್ಲೇ ತಿದ್ದುತ್ತಾರೆ.