ವೈನ್ ಬಾಟಲಿಗೆ, ಚರಟ ಬಳ್ಳಿಬುಡಕ್ಕೆ

ನಂದಿ ಬೆಟ್ಟದ ಸುತ್ತಮುತ್ತ ಮತ್ತು ವಿಜಯಪುರದ ಕಡೆ ವೈನ್ ದ್ರಾಕ್ಷಿಯ ಕೊಯ್ಲು ಬೇಸಿಗೆ ಶುರುವಾಗುವ ಹೊತ್ತಿಗೆ ಜೋರು. ಒಂದು ಟನ್ ಹಣ್ಣು ಹಿಂಡಿದರೆ ಸುಮಾರು 200 ಕೆ.ಜಿ. ಸಿಪ್ಪೆ-ಬೀಜದ ಚರಟ ಉಳಿಯುತ್ತದೆ. ಗೊಂಚಲಿನ ದಂಟು 30ರಿಂದ 50 ಕೆ.ಜಿ. ಟ್ಯಾಂಕಿನ ತಳದ ಗಸಿ ಬೇರೆ. ಅಂದರೆ 50 ಟನ್ ಹಣ್ಣು ಹಿಂಡುವ ಸಣ್ಣ ವೈನರಿಯಲ್ಲೂ ಒಂದೇ ಸೀಸನ್ನಿಗೆ 10 ಟನ್ ಚರಟ.

2007ರಲ್ಲಿ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ಇಲ್ಲಿ ವೈನರಿಗಳು ಹೆಚ್ಚಿದವು. ವೈನ್ ಬಗ್ಗೆ ಮಾತು ಜಾಸ್ತಿ, ಚರಟದ ಬಗ್ಗೆ ಕಡಿಮೆ. ಸುಮ್ನೆ ತೋಟದ ಮೂಲೆಗೆ ಸುರಿದರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ಮೊದಲ ದಿನ ಅದು ಘಮ್ ಎನ್ನುತ್ತದೆ. ಮೂರನೇ ದಿನ ವಿನೆಗರ್ ವಾಸನೆ, ಮುಖಕ್ಕೆ ಮುತ್ತುವ ಸಣ್ಣ ನೊಣ. ಆಮೇಲೆ ತಳದಿಂದ ಕಪ್ಪು ಹುಳಿನೀರು ಇಳಿಯುತ್ತದೆ. ಅದು ಬಾವಿಗೋ ಹಳ್ಳಕ್ಕೋ ಸೇರಿದರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ಚರಟವನ್ನು ರಾಶಿ ಹಾಕಿ ಕೊಳೆಸಿ ಗೊಬ್ಬರ ಮಾಡುವುದೇ ದಾರಿ. ಈ ಕೆಲಸದ ತಯಾರಿ ಹಣ್ಣು ಬರುವ ಮುಂಚೆಯೇ ಆಗಬೇಕು.

ಕೊಯ್ಲಿಗೆ ಮುಂಚೆ

ಬಾವಿ, ಕೊಳವೆಬಾವಿ, ಕಾಲುವೆಗಳಿಂದ ದೂರ ಒಂದು ಜಾಗ ಗುರುತಿಸಿ. ಕಾಂಕ್ರೀಟ್ ಹಾಕಿಸಿದರೆ ಒಳ್ಳೆಯದು. ಆಗದಿದ್ದರೆ ಜೇಡಿಮಣ್ಣು ಹರಡಿ ಗಟ್ಟಿಯಾಗಿ ಬಡಿಸಿ. ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಆ ಕೊನೆಯಲ್ಲಿ ಸಿಮೆಂಟಿನ ಸಣ್ಣ ಗುಂಡಿ ಮಾಡಿ. ಇಳಿದ ಹುಳಿನೀರು ಅಲ್ಲಿ ನಿಲ್ಲಲಿ. ಅದನ್ನೇ ಮತ್ತೆ ರಾಶಿಯ ಮೇಲೆ ಹಾಕಬಹುದು.

ಒಣ ಸಾಮಗ್ರಿಯನ್ನೂ ಈಗಲೇ ಕೂಡಿಡಿ. ರಾಗಿ ಹುಲ್ಲು, ಕಬ್ಬಿನ ರವದಿ, ಒಣಗಿದ ಎಲೆ, ಸವರಿದ ಬಳ್ಳಿಯ ಚೂರು, ಏನಾದರೂ ಸರಿ. ಜೊತೆಗೆ ಒಂದೆರಡು ಲೋಡ್ ಸಗಣಿ. ಚರಟ ಬಂದು ಬಿದ್ದ ಮೇಲೆ ಹುಲ್ಲು ಹುಡುಕಲು ಹೊರಟರೆ ನೊಣ ನಿಮಗಿಂತ ಮುಂಚೆ ಬಂದಿರುತ್ತದೆ.

ಟ್ಯಾಂಕಿನಿಂದ ತೆಗೆಯುವಾಗ

ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಇಲ್ಲೇ. ಕೆಂಪು ವೈನ್‌ನಲ್ಲಿ ರಸ ಸಿಪ್ಪೆಯ ಜೊತೆಗೇ ಹುದುಗುತ್ತದೆ. ರಸ ಬಸಿದ ಮೇಲೆ ಟ್ಯಾಂಕಿನಲ್ಲಿ ಚರಟ ಉಳಿಯುತ್ತದೆ, ಅದರ ಮೇಲೆ ಕಾರ್ಬನ್ ಡೈಆಕ್ಸೈಡ್ ಕೂತಿರುತ್ತದೆ. ಗಾಳಿಗಿಂತ ಭಾರ, ಕಣ್ಣಿಗೆ ಕಾಣದು. ಸಲಿಕೆ ಹಿಡಿದು ಒಳಗೆ ಇಳಿದವರು ಕೆಲವೇ ಕ್ಷಣದಲ್ಲಿ ಎಚ್ಚರ ತಪ್ಪಬಹುದು. ಅವರನ್ನು ಎತ್ತಲು ಇಳಿದವರೂ ಹಾಗೇ ಬೀಳುತ್ತಾರೆ. ಹೊರದೇಶಗಳ ವೈನರಿಗಳಲ್ಲಿ ಇಂಥ ಸಾವುಗಳು ಆಗಿವೆ.

ಆದಷ್ಟು ಹೊರಗಿನಿಂದಲೇ, ಕೆಳಬಾಗಿಲಿನಿಂದ ಎಳೆದು ತೆಗೆಯಿರಿ. ಇಳಿಯಲೇಬೇಕಾದರೆ ಬ್ಲೋವರ್ ಹಚ್ಚಿ ಗಾಳಿ ಆಡಿಸಿ, ಗ್ಯಾಸ್ ಅಳೆಯುವ ಮೀಟರ್‌ನಲ್ಲಿ ನೋಡಿ. ಸೊಂಟಕ್ಕೆ ಹಗ್ಗ ಇರಲಿ, ಹೊರಗೆ ಒಬ್ಬರು ಕಾವಲಿರಲಿ. ದೀಪ ಇಳಿಸಿ ನೋಡುವ ಹಳೆಯ ಉಪಾಯ ನಂಬಬೇಡಿ. ದೀಪ ಉರಿಯುತ್ತಿರುವ ಗಾಳಿಯಲ್ಲೂ ಈ ಗ್ಯಾಸ್ ಮನುಷ್ಯರಿಗೆ ಅಪಾಯವಾಗುವಷ್ಟು ಇರಬಹುದು.

ರಾಶಿ ಹಾಕುವುದು

ಹಿಂಡಿದ ದಿನವೇ, ತಪ್ಪಿದರೆ ಮರುದಿನ, ರಾಶಿ ಹಾಕಿಬಿಡಿ. ಬಿಳಿ ವೈನ್‌ನ ಚರಟಕ್ಕೆ ಇನ್ನೂ ಅವಸರ. ಅದನ್ನು ಹುದುಗುವ ಮೊದಲೇ ಹಿಂಡಿರುತ್ತಾರೆ, ಹಾಗಾಗಿ ಸಕ್ಕರೆ ಹಾಗೇ ಉಳಿದಿರುತ್ತದೆ.

ಅಳತೆ ಸರಳ. ಎರಡು ಬುಟ್ಟಿ ಚರಟಕ್ಕೆ ಒಂದು ಬುಟ್ಟಿ ಒಣ ಸಾಮಗ್ರಿ, ಒಂದು ಬುಟ್ಟಿ ಸಗಣಿ. ಗೊಂಚಲಿನ ದಂಟನ್ನು ಕತ್ತರಿಸಿ ಇದರಲ್ಲೇ ಸೇರಿಸಿ. ದಂಟು ಬೇಗ ಕೊಳೆಯುವುದಿಲ್ಲ, ಆದರೆ ರಾಶಿಯೊಳಗೆ ಗಾಳಿ ಆಡಲು ಅದೇ ಬೇಕು. ಬರೀ ಸಿಪ್ಪೆ ಒತ್ತಿಕೊಂಡು ಮೆತ್ತಗಾಗಿ ಗಬ್ಬು ನಾರುತ್ತದೆ. ಚರಟ ಹುಳಿಯಲ್ವಾ, ಸುಣ್ಣ ಹಾಕೋಣವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಎರಚಿದರೆ ತೊಂದರೆಯಿಲ್ಲ. ಜಾಸ್ತಿಯಾದರೆ ಸಗಣಿಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನನ್ನ ಕೇಳಿದರೆ ಸುಣ್ಣ ಬೇಡ. ಕೊಳೆಯುತ್ತಾ ಹೋದಂತೆ ಹುಳಿ ತಾನೇ ಇಳಿಯುತ್ತದೆ.

ರಾಶಿ ಐದು ಅಡಿ ಎತ್ತರ, ಎಂಟರಿಂದ ಹತ್ತು ಅಡಿ ಅಗಲ ಇರಲಿ. ಉದ್ದ ನಿಮ್ಮಿಷ್ಟ. ಮೇಲೆ ಒಂದು ಪದರ ಹಳೆಯ ಗೊಬ್ಬರವನ್ನೋ ಹುಲ್ಲನ್ನೋ ಮುಚ್ಚಿ. ನೊಣ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡು ಮೂರು ದಿನದಲ್ಲಿ ರಾಶಿ ಬಿಸಿಯೇರುತ್ತದೆ. ಒಳಗಿನ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ಇರಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳು ಹತ್ತು ನಿಮಿಷ ಚುಚ್ಚಿಟ್ಟು ತೆಗೆಯಿರಿ. ಹಿಡಿಯಲಾಗದಷ್ಟು ಸುಟ್ಟರೆ ಸರಿಯಾಗಿದೆ ಎಂದರ್ಥ. ಆ ಬಿಸಿ ಹದಿನೈದು ದಿನ ನಿಲ್ಲಬೇಕು. ಅಷ್ಟರಲ್ಲಿ ಐದು ಸಲವಾದರೂ ಮಗುಚಿ, ಹೊರಗಿನದು ಒಳಗೆ ಹೋಗುವಂತೆ. 70 ಡಿಗ್ರಿ ದಾಟಿದರೆ ಕಾಯದೆ ಮಗುಚಿ, ಇಲ್ಲವಾದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಹೆಚ್ಚು ರಾಶಿ ಇದ್ದವರು ಜೆಸಿಬಿ ಕರೆಸುವುದೇ ಲೇಸು.

ಮಾರ್ಚ್ ಬಿಸಿಲಿಗೆ ರಾಶಿ ಒಣಗುತ್ತದೆ. ಒಂದು ಹಿಡಿ ತೆಗೆದು ಹಿಸುಕಿ. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಪುಡಿಯಾಗಿ ಉದುರಿದರೆ ಗುಂಡಿಯ ನೀರು ಹಾಕಿ. ಅಶ್ವಿನಿ, ಭರಣಿ ಮಳೆ ಬರುವ ಸೂಚನೆ ಕಂಡರೆ ಟಾರ್ಪಾಲ್ ಹೊದಿಸಿ. ಮೂರನೇ ತಿಂಗಳ ಹೊತ್ತಿಗೆ ಬಿಸಿ ಇಳಿದಿರುತ್ತದೆ. ಆಗ ಬೇಕಾದರೆ ಎರೆಹುಳು ಬಿಡಬಹುದು. ಹಸಿ ಚರಟಕ್ಕೆ ಬಿಟ್ಟರೆ ಬಿಸಿಗೆ ಸಾಯುತ್ತವೆ.

ರಾಶಿಗೆ ಹೋಗುವುದು, ಹೋಗಬಾರದ್ದು

ತಳದ ಗಸಿಯನ್ನು ಚರಂಡಿಗೆ ಬಿಡಬೇಡಿ. ಒಣಹುಲ್ಲಿಗೆ ಹೀರಿಸಿ ರಾಶಿಗೆ ಸೇರಿಸಿ. ವೈನ್ ಸೋಸಲು ಬಳಸಿದ ಬಿಳಿ ಫಿಲ್ಟರ್ ಪುಡಿಯನ್ನು ಒದ್ದೆಯಿದ್ದಾಗಲೇ ಬೆರೆಸಿ. ಒಣಗಿ ಧೂಳೆದ್ದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಟ್ಯಾಂಕ್ ತೊಳೆದ ಕಾಸ್ಟಿಕ್ ಸೋಡಾ ನೀರು ಮಾತ್ರ ರಾಶಿಯ ಹತ್ತಿರಕ್ಕೂ ಬರಬಾರದು. ಅದರ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ. ಬಾಟಲಿ ಚೂರು, ರಟ್ಟು, ಪ್ಲಾಸ್ಟಿಕ್ ಗುಜರಿಗೆ.

ದನಗಳಿಗೆ ಚರಟ ಹಾಕಬಹುದು, ಆದರೆ ಮೇವಿನ ಜೊತೆ ಸ್ವಲ್ಪ ಮಾತ್ರ. ಅದರಲ್ಲಿರುವ ಒಗರಿನ ಟ್ಯಾನಿನ್ ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ. ಕುರಿಗಳಿಗೆ ಬೇಡವೇ ಬೇಡ. ಬೂಜು ರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣ ಹೊಡೆದ ತೋಟದ ಸಿಪ್ಪೆಯಲ್ಲಿ ತಾಮ್ರ ಉಳಿದಿರಬಹುದು, ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ತೋಟದ ನಾಯಿಯನ್ನೂ ದೂರವಿಡಿ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ.

ಇನ್ನು ಕೆಂಪು ಚರಟವನ್ನು ಭಟ್ಟಿ ಇಳಿಸುವ ಯೋಚನೆ. ಇಟಲಿಯಲ್ಲಿ ಇದರಿಂದಲೇ ಗ್ರಾಪಾ ಮಾಡುತ್ತಾರೆ, ನಿಜ. ಇಲ್ಲಿ ಅಬಕಾರಿ ಇಲಾಖೆಯ ಲೈಸೆನ್ಸ್ ಇಲ್ಲದೆ ಮಾಡಿದರೆ ಅದು ಅಪರಾಧ.

ಬಳ್ಳಿಗೆ ಹಾಕುವ ಮುಂಚೆ

ಫೆಬ್ರುವರಿಯಲ್ಲಿ ಹಾಕಿದ ರಾಶಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಗೊಬ್ಬರವಾಗಿರುತ್ತದೆ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಹೊತ್ತಿಗೆ, ಸರಿಯಾಗಿ ಕೈಗೆ ಸಿಗುತ್ತದೆ. ಮಾಗಿದೆಯೋ ಇಲ್ಲವೋ ನೋಡಲು ಒಂದು ತಟ್ಟೆಯಲ್ಲಿ ಅರ್ಧ ಗೊಬ್ಬರ, ಅರ್ಧ ಮಣ್ಣು ಹಾಕಿ ಮೆಂತ್ಯ ಬಿತ್ತಿ. ಪಕ್ಕದಲ್ಲಿ ಬರೀ ಮಣ್ಣಿನ ತಟ್ಟೆಯಲ್ಲೂ ಬಿತ್ತಿ. ಎರಡರಲ್ಲೂ ಒಂದೇ ರೀತಿ ಮೊಳೆತರೆ ಸಿದ್ಧ. ಗೊಬ್ಬರದ ತಟ್ಟೆಯ ಮೆಂತ್ಯ ಹಿಂದೆ ಬಿದ್ದರೆ ಇನ್ನೊಂದು ತಿಂಗಳು ಬಿಡಿ.

ಈ ಗೊಬ್ಬರದಲ್ಲಿ ಪೊಟ್ಯಾಶ್ ಚೆನ್ನಾಗಿದೆ. ಹಣ್ಣಿನ ಜೊತೆ ತೋಟ ಬಿಟ್ಟು ಹೋದದ್ದೇ ವಾಪಸ್ ಬರುತ್ತದೆ. ಅದೇ ಕಾರಣಕ್ಕೆ ಮಣ್ಣು ಪರೀಕ್ಷೆ ಮಾಡಿಸದೆ ಸುರಿಯಬೇಡಿ. ವಿಜಯಪುರದ ಕಡೆಯ ಕಪ್ಪು ಮಣ್ಣಿನಲ್ಲಿ ಮೊದಲೇ ಪೊಟ್ಯಾಶ್ ಸಾಕಷ್ಟು ಇರಬಹುದು. ಅತಿಯಾದರೆ ಬಳ್ಳಿಗೆ ಮೆಗ್ನೀಸಿಯಂ ಸಿಗುವುದು ಕಷ್ಟವಾಗುತ್ತದೆ, ರಸದ ಹುಳಿಯೂ ತಗ್ಗುತ್ತದೆ. ವೈನ್ ಮಾಡುವವರಿಗೆ ಎರಡನೆಯದೇ ದೊಡ್ಡ ತಲೆನೋವು. ಪರೀಕ್ಷೆಯ ಚೀಟಿ ನೋಡಿ ಪ್ರಮಾಣ ನಿಗದಿ ಮಾಡಿ. ಡ್ರಿಪ್ ಪೈಪಿನ ಪಕ್ಕ ಆಳವಿಲ್ಲದ ಕಾಲುವೆ ತೆಗೆದು ಹಾಕಿ, ಮಣ್ಣು ಮುಚ್ಚಿ. ಹಾಕುವ ಮುಂಚೆ ಜರಡಿ ಹಿಡಿದರೆ ಕೊಳೆಯದ ಬೀಜ ಒಂದಷ್ಟು ಉಳಿಯುತ್ತದೆ. ಬೀಜದ ಸಿಪ್ಪೆ ಗಟ್ಟಿ, ಒಂದೇ ಸಲಕ್ಕೆ ಕರಗುವುದಿಲ್ಲ. ಅದನ್ನು ಗೋಣಿಚೀಲದಲ್ಲಿ ತುಂಬಿಡಿ, ಮುಂದಿನ ಕೊಯ್ಲಿನ ಮೊದಲ ರಾಶಿಗೆ ಬೆರೆಸಲು ಆಗುತ್ತದೆ.