ಪ್ರಾಜೆಕ್ಟ್ ಮ್ಯಾನೇಜರ್ ಸೈಟ್‌ನಲ್ಲಿ ಏನ್ ಮಾಡ್ತಾನೆ? ನನ್ನ ಅನುಭವ

ಸಿವಿಲ್ ಓದ್ತಿರೋ ಹುಡುಗರು ಆಗಾಗ ಕೇಳ್ತಾರೆ, ಸಾರ್ ಸೈಟ್ ಇಂಜಿನಿಯರ್ ಇದಾರೆ, ಕಂಟ್ರಾಕ್ಟರ್ ಇದಾರೆ, ಆರ್ಕಿಟೆಕ್ಟ್ ಇದಾರೆ, ಮಧ್ಯೆ ನಿಮಗೇನ್ ಕೆಲಸ ಅಂತ. ನ್ಯಾಯವಾದ ಪ್ರಶ್ನೆನೇ. ನಾನು ಬೆಂಗಳೂರಲ್ಲಿ ದೊಡ್ಡ ಮನೆಗಳು, ಸಣ್ಣ ಅಪಾರ್ಟ್‌ಮೆಂಟ್‌ಗಳು, ಅಂದ್ರೆ ಕೆಳಗೆ ಪಾರ್ಕಿಂಗ್ ಮೇಲೆ ಮೂರು ನಾಲ್ಕು ಫ್ಲೋರ್ ಇರೋ ಥರದ್ದು ನೋಡ್ಕೊಳ್ಳೋನು. ಮೆಟ್ರೋ ಫ್ಲೈಓವರ್ ಕಟ್ಟೋರ ಲೆಕ್ಕಾಚಾರ ಬೇರೆ, ಇಲ್ಲಿ ಬರ್ದಿರೋದು ನಮ್ಮ ಥರದ ಸೈಟ್‌ಗಳ ವಿಷ್ಯ.

ನೇರವಾಗಿ ಹೇಳ್ಬಿಡ್ತೀನಿ. ಜನ ಇಲ್ದೆ, ಸಿಮೆಂಟ್ ಇಲ್ದೆ ಕೆಲ್ಸ ನಿಲ್ಲೋದು ಕಮ್ಮಿ, ಯಾರೋ ಒಬ್ರು ಒಂದು ತೀರ್ಮಾನ ತಗೊಳ್ದೆ ಇರೋದ್ರಿಂದ ನಿಲ್ಲೋದೇ ಜಾಸ್ತಿ. ಆ ತೀರ್ಮಾನ ಸರಿಯಾದ ಟೈಮಿಗೆ ಸರಿಯಾದ ಮನುಷ್ಯನ ಬಾಯಿಂದ ಹೊರಡಿಸೋದೇ ನಮ್ಮ ಕೆಲ್ಸ. ಬಾರ್ ಚಾರ್ಟ್, ಎಕ್ಸೆಲ್, ಮೀಟಿಂಗ್ ಎಲ್ಲಾ ಅದಕ್ಕೋಸ್ಕರ ಇರೋದು.

ಬಾತ್‌ರೂಮ್ ಕಮೋಡ್ ತಗೊಳ್ಳಿ. ಓನರ್ ಏನಂತಾರೆ, "ಅದೆಲ್ಲಾ ಕೊನೇಲಿ ಅಂಗಡಿಗೆ ಹೋಗಿ ನೋಡೋಣ ಬಿಡಿ ಸಾರ್, ಈಗ ಮೋಲ್ಡ್ ಹಾಕ್ಸಿ." (ಮೋಲ್ಡ್ ಅಂದ್ರೆ ಕಾಂಕ್ರೀಟ್ ಸ್ಲ್ಯಾಬ್, ಚಾವಣಿ.) ಆದ್ರೆ ಗೋಡೆಗೆ ನೇತಾಕೋ ಕಮೋಡ್ ಆದ್ರೆ ಪೈಪ್ ಗೋಡೆ ಒಳಗೆ ಹೋಗ್ಬೇಕು, ಫ್ಲಶ್ ಟ್ಯಾಂಕ್ ಕೂಡ ಗೋಡೆ ಒಳಗೇ ಕೂರ್ಬೇಕು, ನೆಲದ ಮೇಲೆ ಕೂರೋ ಎಸ್ ಟ್ರ್ಯಾಪ್ ಆದ್ರೆ ಪೈಪ್ ಕೆಳಗಿಳಿಯುತ್ತೆ, ಅದ್ರಲ್ಲೂ ಗೋಡೆಯಿಂದ ತೂತಿನ ಮಧ್ಯಕ್ಕೆ ಒಂದು ಮಾಡೆಲ್‌ಗೆ 225 ಮಿ.ಮೀ., ಇನ್ನೊಂದಕ್ಕೆ 300, ಮತ್ತೆ ಅದು ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ ಅಳೆಯೋ ಲೆಕ್ಕ, ಬರೀ ಇಟ್ಟಿಗೆ ಗೋಡೆಯಿಂದ ಅಲ್ಲ. ಹಾಗಾಗಿ ಕಮೋಡು ಟೈಲ್ಸು ಎರಡೂ ಬಾತ್‌ರೂಮ್ ಪ್ಲಂಬಿಂಗ್ ಶುರುವಾಗೋ ಮುಂಚೆನೇ ತೀರ್ಮಾನ ಆಗ್ಬೇಕು, ಗೋಡೆಗೆ ನೇತಾಕೋದಾ ನೆಲದ್ದಾ ಅನ್ನೋದಂತೂ ಸ್ಲ್ಯಾಬ್ ಡ್ರಾಯಿಂಗ್ ಬರೋ ಮುಂಚೆನೇ. ಇದನ್ನ ಫೋನಲ್ಲಿ ಹೇಳಿದ್ರೆ ಯಾರಿಗೂ ನಾಟಲ್ಲ. ಅದಕ್ಕೆ ನಾನು ಗಂಡ ಹೆಂಡ್ತಿ ಇಬ್ರನ್ನೂ ಸೈಟ್‌ಗೆ ಕರ್ಸಿ, ಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಇಲ್ಲಿ ಕೂತ್ರೆ ಬಾಗಿಲು ಮೊಣಕಾಲಿಗೆ ತಾಗುತ್ತೆ ನೋಡಿ ಅಂತ ತೋರಿಸ್ತೀನಿ. ಆ ವಾರನೇ ಅಂಗಡಿಗೆ ಹೋಗ್ತಾರೆ.

ಲಿಫ್ಟ್ ಕೂಡ ಹೀಗೇ. ಕಂಪನಿಯಿಂದ ಕಂಪನಿಗೆ ಕೆಳಗಿನ ಗುಂಡಿ, ಅಂದ್ರೆ ಪಿಟ್, ಅದರ ಆಳ ಬೇರೆ, ಮೇಲೆ ಬಿಡ್ಬೇಕಾದ ಎತ್ತರ ಬೇರೆ, ಲಿಫ್ಟ್ ಓಡಾಡೋ ಶಾಫ್ಟ್ ಅಳತೆ ಬೇರೆ. ಫೌಂಡೇಶನ್ ತೋಡೋಕೆ ಮುಂಚೆನೇ ಲಿಫ್ಟ್ ಕಂಪನಿ ಯಾವುದು ಅಂತ ಗೊತ್ತಿದ್ರೆ ಅವರ ಡ್ರಾಯಿಂಗ್ ಸ್ಟ್ರಕ್ಚರಲ್ ಇಂಜಿನಿಯರ್ ಕೈಗೆ ಕೊಡ್ಬೋದು. ಎಸಿ ಪೈಪು, ಕಿಚನ್ ಚಿಮಣಿ ತೂತು, ಇವೆಲ್ಲಾ ಬೀಮ್ ಹಾದು ಹೋಗೋದಾದ್ರೆ ಮೋಲ್ಡ್ ಹಾಕೋ ಮುಂಚೆನೇ ಸ್ಲೀವ್, ಅಂದ್ರೆ ತೂತಿಗೆ ಜಾಗ ಬಿಡೋ ಪೈಪ್ ತುಂಡು, ಇಡ್ಬೇಕು, ಆಮೇಲೆ ಬೀಮ್ ಕೊರೆಯೋಕೆ ನಾನಂತೂ ಬಿಡಲ್ಲ.

ಹಂಗಾಗಿ ನಂದೊಂದು ಶೀಟ್ ಇದೆ, ನಾಲ್ಕೇ ಕಾಲಂ. ಏನು ತೀರ್ಮಾನ ಆಗ್ಬೇಕು, ಯಾರು ಮಾಡ್ಬೇಕು, ಯಾವತ್ತೊಳಗೆ, ಆಗ್ದಿದ್ರೆ ಯಾವ ಕೆಲ್ಸ ನಿಲ್ಲುತ್ತೆ. ಆ ನಾಲ್ಕನೇ ಕಾಲಂ ಇಲ್ಲಾಂದ್ರೆ ಉಳಿದ ಮೂರೂ ಬರೀ ಬಯಕೆ. ಆರ್ಕಿಟೆಕ್ಟ್‌ಗೆ "ಡ್ರಾಯಿಂಗ್ ಬೇಗ ಕೊಡಿ" ಅಂದ್ರೆ ನಾಳೆ ಅಂತಾರೆ, "ಸ್ಟೇರ್‌ಕೇಸ್ ಡಿಟೇಲ್ ಸೋಮವಾರ ಬರ್ಲಿಲ್ಲಾಂದ್ರೆ ಕಂಬಿ ಕಟ್ಟೋ ಬಾರ್ ಬೆಂಡರ್‌ಗಳು ಬೇರೆ ಸೈಟ್‌ಗೆ ಹೋಗ್ತಾರೆ, ವಾಪಸ್ ಬರೋದು ಯಾವಾಗಂತ ಹೇಳಕ್ಕಾಗಲ್ಲ" ಅಂದ್ರೆ ಭಾನುವಾರ ರಾತ್ರಿ ಮೇಲ್ ಬರುತ್ತೆ.

ಡೇಟ್ ಎಲ್ಲಾ ನಾನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕೋದು. ಸ್ವಂತ ಮನೆ ಆದ್ರೆ ಕೊನೇ ಡೇಟ್ ಕೊಡೋದು ಪುರೋಹಿತರು. ಆಷಾಢದಲ್ಲಿ ಗೃಹಪ್ರವೇಶ ಮಾಡಲ್ಲ, ಅದಕ್ಕೆ ಮುಂಚೆ ಮುಗೀಬೇಕು, ಇಲ್ಲಾ ಶ್ರಾವಣ. ಮಧ್ಯೆ ಜನ ಊರಿಗೆ ಹೋಗೋದೂ ಲೆಕ್ಕಕ್ಕೆ ಸೇರ್ಬೇಕು. ರಾಯಚೂರು, ಕಲಬುರಗಿ ಕಡೆಯಿಂದ ಬರೋರು ಯುಗಾದಿಗೆ, ಊರ ಜಾತ್ರೆಗೆ, ಮುಂಗಾರು ಬಿತ್ತನೆಗೆ ಹೋಗೇ ಹೋಗ್ತಾರೆ, ಬಿಹಾರದೋರು ಹೋಳಿ ಹಬ್ಬಕ್ಕೆ, ಛಠ್‌ಗೆ. ಇದನ್ನ ಲೇಬರ್ ಪ್ರಾಬ್ಲಮ್ ಅನ್ನೋದು ನಂಗೆ ಸರಿ ಕಾಣಲ್ಲ, ಕ್ಯಾಲೆಂಡರ್‌ನಲ್ಲಿ ಮೊದಲೇ ಇರೋ ದಿನಗಳು ಅವು. ಆ ವಾರಗಳಲ್ಲಿ ಸ್ಲ್ಯಾಬ್ ಇಟ್ಕೋಬಾರ್ದು ಅಷ್ಟೇ.

ಇನ್ನೊಂದು ಜವಾಬ್ದಾರಿ ಇದೆ, ಯಾರಿಗೂ ಇಷ್ಟ ಆಗದ್ದು, ಬೇಡ ಅನ್ನೋದು. ಮೋಲ್ಡ್ ಹಾಕಿ ನಾಲ್ಕು ದಿನ ಆಗಿರಲ್ಲ, ಕಾಂಕ್ರೀಟಿಗೆ ಅಚ್ಚು ಕಟ್ಟೋ ಸೆಂಟ್ರಿಂಗ್‌ನೋನು ಬಂದು "ಸಾರ್ ಜಾಕಿ ಬಿಚ್ಚಲಾ, ಇನ್ನೊಂದ್ ಸೈಟ್‌ಗೆ ಬೇಕು" ಅಂತ ನಿಂತಿರ್ತಾನೆ. ಜಾಕಿ ಅಂದ್ರೆ ಹಸಿ ಕಾಂಕ್ರೀಟಿಗೆ ಕೆಳಗಿಂದ ಕೊಟ್ಟಿರೋ ಆಸರೆ ಕಂಬ. ಕಾಂಕ್ರೀಟ್ ಕೆಲ್ಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸ್ಲ್ಯಾಬ್ ಸ್ಪ್ಯಾನ್ (ಆಸರೆಯಿಂದ ಆಸರೆಗೆ ಇರೋ ದೂರ) 4.5 ಮೀಟರ್ ಒಳಗಿದ್ರೆ ಕಮ್ಮಿ ಅಂದ್ರೂ 7 ದಿನ ಜಾಕಿ ಇರ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ 14, ಬೀಮ್ 6 ಮೀಟರ್ ದಾಟಿದ್ರೆ 21. ಅದೂ ಓಪಿಸಿ, ಅಂದ್ರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ, ಹಾರುಬೂದಿ ಬೆರೆತ ಪಿಪಿಸಿ ಆದ್ರೆ ಇನ್ನೂ ಕಾಯೋದೇ ಒಳ್ಳೇದು. ಸೈಟ್ ಇಂಜಿನಿಯರ್ ಚಿಕ್ಕ ಹುಡುಗ, ಕಂಟ್ರಾಕ್ಟರ್ ಜೋರು ಮಾಡಿದ್ರೆ ಸುಮ್ನಾಗ್ಬಿಡ್ತಾನೆ. ಅದಕ್ಕೆ ಬಿಚ್ಚೋಕೆ ನನ್ನ ಸೈನ್ ಬೇಕು ಅಂತ ಮೊದಲ ದಿನವೇ ಹೇಳಿರ್ತೀನಿ, ಬೈಗುಳ ನಂಗೇ ಬರ್ಲಿ. ರೆಡಿಮಿಕ್ಸ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡು ಪ್ಲಾಂಟ್‌ನಿಂದ ಹೊರಟು ಎರಡು ಗಂಟೆ ಮೇಲಾಗಿದ್ರೆ, ಡ್ರೈವರ್ ಸ್ವಲ್ಪ ನೀರು ಹಾಕಿ ಸರಿ ಮಾಡ್ತೀನಿ ಅಂದ್ರೆ, ಅಲ್ಲೂ ಬೇಡ ಅನ್ಬೇಕು. ಲಾರಿ ವಾಪಸ್ ಕಳ್ಸೋದ್ರ ದುಡ್ಡು ಯಾರು ಕೊಡ್ಬೇಕು ಅನ್ನೋದು ಅಗ್ರಿಮೆಂಟ್‌ನಲ್ಲಿ ಮೊದಲೇ ಬರ್ದಿದ್ರೆ ಬೇಡ ಅನ್ನೋದು ಸುಲಭ.

ದುಡ್ಡಿನ ವಿಷ್ಯ. ಓನರ್ ಸಂಜೆ ವಾಕಿಂಗ್ ಬಂದೋರು ಮೇಸ್ತ್ರಿಗೆ "ಇಲ್ಲೊಂದು ಶೆಲ್ಫ್ ಮಾಡ್ಬಿಡಪ್ಪ" ಅಂತಾರೆ, ಮೇಸ್ತ್ರಿ ಆಯ್ತಣ್ಣ ಅಂತ ಮಾಡ್ಬಿಡ್ತಾನೆ, ಆಮೇಲೆ ಬಿಲ್‌ನಲ್ಲಿ ಎಕ್ಸ್‌ಟ್ರಾ ಅಂತ ಬಂದಾಗ ಜಗಳ ಶುರು. ನನ್ನ ಸೈಟ್‌ಗಳಲ್ಲಿ ಓನರ್ ಬಾಯಿ ಮಾತಿಗೆ ಯಾರೂ ಕೈ ಹಾಕಂಗಿಲ್ಲ. ಅವರು ಹೇಳಿದ್ದನ್ನ ಅವತ್ತು ರಾತ್ರಿನೇ ಗ್ರೂಪ್‌ಗೆ ಹಾಕ್ತೀನಿ, ಇಷ್ಟು ರೇಟು, ಇಷ್ಟು ದಿನ ಜಾಸ್ತಿ, ಓಕೆ ಅಂತ ಟೈಪ್ ಮಾಡಿ ಅಂತ. ಅರ್ಧಕ್ಕರ್ಧ ಶೆಲ್ಫ್‌ಗಳು ಅಲ್ಲೇ ಬಿದ್ದೋಗ್ತವೆ. ಕೆಲ್ಸ ನಡೀತಿರುವಾಗ್ಲೇ ಆದಷ್ಟಕ್ಕೆ ಕೊಡೋ ರನ್ನಿಂಗ್ ಬಿಲ್ ಬಂದ್ರೆ ಟೇಪ್ ಹಿಡಿದು ನಾನೇ ಅಳೀತೀನಿ, ಸಾಮಾನ್ಯವಾಗಿ ಶೇ. 5 ರಿಟೆನ್ಷನ್, ಅಂದ್ರೆ ಕೆಲ್ಸದ ಗ್ಯಾರಂಟಿಗೆ ತಡೆಹಿಡಿಯೋ ದುಡ್ಡು, ಹಿಡ್ಕೊಂಡು ಉಳಿದದ್ದು ಹೇಳಿದ ದಿನಕ್ಕೆ ಕೊಡಿಸ್ತೀನಿ. ಹೇಳಿದ ದಿನಕ್ಕೆ ದುಡ್ಡು ಬರೋ ಸೈಟ್‌ಗೆ ಕಂಟ್ರಾಕ್ಟರ್ ಒಳ್ಳೇ ಜನಾನ ಕಳಿಸ್ತಾನೆ, ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಮಾರೋಕೆ ಕಟ್ಟೋ ಅಪಾರ್ಟ್‌ಮೆಂಟ್ ಆದ್ರೆ, ತೀರಾ ಚಿಕ್ಕದಲ್ಲದಿದ್ರೆ, ಮನೆ ಕೊಳ್ಳೋರ ಹಿತ ಕಾಯೋ 2016ರ ರೇರಾ ಕಾಯ್ದೆನೂ ತಲೆ ಮೇಲಿರುತ್ತೆ. ಗಿರಾಕಿಗಳ ದುಡ್ಡಲ್ಲಿ ಶೇ. 70 ಬೇರೆ ಅಕೌಂಟಲ್ಲಿ ಇಡ್ಬೇಕು, ಅದನ್ನ ತೆಗೆಯೋಕೆ ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂರೂ ಜನ ಸರ್ಟಿಫಿಕೇಟ್ ಕೊಡ್ಬೇಕು. ಕೆಲ್ಸ ಎಷ್ಟಾಗಿದೆ ಅಂತ ಲೆಕ್ಕ ಹೋಗೋದು ನನ್ನ ಟೇಬಲ್‌ನಿಂದ, ಅಲ್ಲಿ ಆಗದ ಕೆಲ್ಸ ಆಗಿದೆ ಅಂತ ಬರೆಯೋಕೆ ಯಾರೇ ಹೇಳಿದ್ರೂ ನಾನು ಬರೆಯಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಇರೋ ಶೇ. 1 ಸೆಸ್ ಕಟ್ಟಿದಾರಾ ಅಂತಾನೂ ಮೊದಲೇ ನೋಡ್ಕೋತೀನಿ.

ಕೀ ಕೊಡೋ ಹೊತ್ತಿಗೆ ಒಂದು ಫೈಲ್ ಕೊಡ್ತೀನಿ. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ರೂಮಿನ ಪ್ರತಿ ಗೋಡೆದೂ ಫೋಟೋ, ಪೈಪ್ ಎಲ್ಲಿದೆ ವೈರ್ ಎಲ್ಲಿದೆ ಅಂತ ಪಕ್ಕದಲ್ಲಿ ಟೇಪ್ ಹಿಡಿದು ತೆಗ್ದಿದ್ದು. ಈಗಲೂ ಹಳೇ ಓನರ್‌ಗಳು ಫೋನ್ ಮಾಡ್ತಾರೆ, ಗೀಸರ್ ಬದಲಾಯಿಸ್ಬೇಕು, ಎಲ್ಲಿ ಡ್ರಿಲ್ ಮಾಡಿದ್ರೆ ಸೇಫ್ ಅಂತ. ಫೋಟೋ ನಂಬರ್ ಹೇಳ್ತೀನಿ.