ಕೋಲಾರದ ಪ್ರಯೋಗಾಲಯದಲ್ಲಿ ಕಡಲ ಮೀನಿನ ಮರಿ ಮಾಡಿದ ನನ್ನ ಅನುಭವ

ಕೋಲಾರದ ನಮ್ಮ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ, ಹವಳದ ದಿಬ್ಬಗಳಲ್ಲಿ ಬದುಕುವ ಬಿಳಿ ಪಟ್ಟೆಯ ಪುಟ್ಟ ಕಡಲ ಮೀನಾದ ಕ್ಲೌನ್ ಮೀನಿನ ಸಂತಾನೋತ್ಪತ್ತಿಯನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬೇಕೆಂದು ಹೊರಟಾಗ ಎಲ್ಲಕ್ಕಿಂತ ಮೊದಲು ಕಾಡಿದ್ದು ನೀರಿನ ಪ್ರಶ್ನೆ. ಇಲ್ಲಿನ ಕೊಳವೆಬಾವಿಯ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಆದ್ದರಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣಗಳನ್ನು ತೆಗೆದ ಆರ್‌ಒ ನೀರಿಗೆ ಕೃತಕ ಸಮುದ್ರದ ಉಪ್ಪನ್ನು ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶಕ್ಕೆ ತಂದು, ಒಂದು ದಿನವಿಡೀ ಗಾಳಿ ಹಾಯಿಸಿದ ಮೇಲೆಯೇ ತೊಟ್ಟಿಗೆ ತುಂಬಿಸಿದೆ. ಅಡುಗೆಯ ಉಪ್ಪು ಈ ಕೆಲಸಕ್ಕೆ ಬಾರದು; ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಮೀನಿಗೆ ಬೇಕು.

ನೀರು ತಿಳಿಯಾಗಿದೆ ಎಂದುಕೊಂಡು ಎಂಟನೆಯ ದಿನವೇ ಮೀನು ಬಿಟ್ಟೆ. ಮೂರು ದಿನಗಳಲ್ಲಿ ನಾಲ್ಕು ಮೀನುಗಳು ಸತ್ತವು. ಆ ನೋವು ಇಂದಿಗೂ ಹೋಗಿಲ್ಲ. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ವಾರಗಳೇ ಬೇಕೆಂಬುದನ್ನು ಪಾಠದಲ್ಲಿ ಹೇಳುತ್ತಿದ್ದ ನಾನೇ ಕಡೆಗಣಿಸಿದ್ದೆ. ಮುಂದಿನ ಸಲ ಮೀನಿಲ್ಲದ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಅಮೋನಿಯಂ ಕ್ಲೋರೈಡ್ ಹಾಕುತ್ತಾ, ಹಾಕಿದ ಅಮೋನಿಯಾವೂ ಅದರಿಂದಾದ ನೈಟ್ರೈಟೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವವರೆಗೆ ಐದು ವಾರ ಕಾದೆ.

ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಅದಕ್ಕಾಗಿ ಗಾಜಿನ ಮೇಲೆ ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಬರೀ ಆರ್‌ಒ ನೀರಿನಿಂದ ಆ ಗೆರೆಯವರೆಗೆ ತುಂಬಿಸುತ್ತೇವೆ.

ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವು ಕ್ಲೌನ್ ಮೀನಿನ ಮರಿ ಉತ್ಪಾದನೆಯ ತಂತ್ರವನ್ನು ರೂಪಿಸಿರುವಾಗ ಹವಳದ ದಿಬ್ಬಗಳಿಂದ ಹಿಡಿದ ಮೀನನ್ನು ಕೊಳ್ಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಹ್ಯಾಚರಿಯಲ್ಲಿ, ಅಂದರೆ ಮೀನಿನ ಮರಿ ಮಾಡಿಸುವ ಕೇಂದ್ರದಲ್ಲಿ, ಹುಟ್ಟಿದ ಜೋಡಿಯನ್ನೇ ತರಿಸಿದೆವು. ಅವು ಮಣ್ಣಿನ ಕುಂಡದ ಒಳಮೈಗೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಅಂಟಿಸಿದವು. ಗಂಡು ಮೀನು ರೆಕ್ಕೆಗಳಿಂದ ಬಿಡುವಿಲ್ಲದೆ ಅವುಗಳತ್ತ ನೀರು ಬೀಸುತ್ತಿತ್ತು. ದಿನ ಕಳೆದಂತೆ ಮೊಟ್ಟೆಗಳು ಬೆಳ್ಳಿಯಂತಾಗಿ, ಪ್ರತಿಯೊಂದರಲ್ಲೂ ಎರಡು ಕಣ್ಣುಗಳು ಮಿನುಗತೊಡಗಿದವು. ಎಂಟನೆಯ ರಾತ್ರಿ ದೀಪ ಆರಿಸಿದ ಮೇಲೆ ಅವು ಒಡೆದವು. ಟಾರ್ಚಿನ ಬೆಳಕಿಗೆ ಗುಂಪುಗೂಡಿದ ಮರಿಗಳನ್ನು ವಿದ್ಯಾರ್ಥಿಗಳು ಮಗ್ಗಿನಲ್ಲಿ ಮೆಲ್ಲಗೆ ಮೊಗೆದು ಬೇರೆ ತೊಟ್ಟಿಗೆ ಬಿಟ್ಟರು.

ಮೊದಲ ದಿನಗಳಲ್ಲಿ ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿಯಾದ ಆರ್ಟೀಮಿಯಾದ ಮರಿಗಳೂ ಮೀನಿನ ಮರಿಗಳ ಬಾಯಿಗೆ ದೊಡ್ಡವು, ಇನ್ನೂ ಸಣ್ಣ ಸೂಕ್ಷ್ಮಜೀವಿಗಳಾದ ರೋಟಿಫರ್‌ಗಳೇ ಆಗಬೇಕು. ನಾವು ಸಾಕಿದ್ದ ರೋಟಿಫರ್ ಬಕೆಟ್ ಒಂದೇ ರಾತ್ರಿ ಕೆಟ್ಟು, ಮೊದಲ ತಂಡದ ಮರಿಗಳೆಲ್ಲ ಹಸಿವಿನಿಂದ ಸತ್ತವು. ಎರಡನೆಯ ತಂಡದ ಹೊತ್ತಿಗೆ ಎರಡು ಕೋಣೆಗಳಲ್ಲಿ ಎರಡು ಬಕೆಟ್ ಇಟ್ಟು, ಏರ್ ಪಂಪುಗಳಿಗೆ ಬ್ಯಾಟರಿ ಜೋಡಿಸಿದೆವು. ಆ ತಂಡದ ಹನ್ನೊಂದು ಮರಿಗಳಿಗೆ ಬಿಳಿ ಪಟ್ಟೆ ಮೂಡಿತು.